ಸಾವಕಾರರ ಕಾರಿನ ನೆತ್ತಿ

“ಇನ್ನಷ್ಟ ದೊಡ್ಡದ ಮಾಡವಾ ರೂಪಾಲಿ,” ಎಂದು ಭಾಗವ್ವ ಮೊಮ್ಮಗಳ ಹೆಗಲು ಬಿಗಿಯಾಗಿ ಹಿಡಿದಳು. ಮಲ್ಲುವಿನ ಅಂಗಡಿಯ ಕಂಪ್ಯೂಟರಿನಲ್ಲಿ, ಅರವತ್ತು ವರ್ಷಗಳ ಹಿಂದೆ ವಿಮಾನದಿಂದ ತೆಗೆದ ಜತ್ತದ ಹತ್ತಿ ಗಿರಣಿಯ ಫೋಟೋ ಹಿಗ್ಗಿತು. ಗಿರಣಿಯಂಗಳದಲ್ಲಿ ಸಾವಕಾರರ ಕರಿ ಫಿಯಾಟ್ ನಿಂತಿತ್ತು.

“ನಮ್ಮಜ್ಜನ ಗಾಡಿಗೆ ಯಾರೂ ಕೈ ಹಚ್ಚತಿದ್ದಿಲ್ಲ,” ಎಂದ ಸಾವಕಾರರ ಮೊಮ್ಮಗ ಮಲ್ಲು. “ಅವರು ಉಂಡ ಮಲಗಿದಾಗ ಗಿರಣ್ಯಾಗ ಕೆಲಸಕ್ಕಿದ್ದ ನಿಮ್ಮವ್ವ ಅದರ ಮ್ಯಾಲ ಹಪ್ಪಳ ಒಣಗಸತಿದ್ಳು ಅಂತ ಹೇಳ್ಕೋತ ತಿರಗತೀಯಲ್ಲ ಆಯಿ, ಮಂದಿ ನಗತಾರ.”

ನಗುವವರಲ್ಲಿ ಅವನೇ ಮೊದಲಿಗ.

ರೂಪಾಲಿ ಮತ್ತೊಮ್ಮೆ ಹಿಗ್ಗಿಸಿದಳು. ಕಾರಿನ ಕರಿ ನೆತ್ತಿಯ ಮೇಲೆ ಸಾಲುಸಾಲಾಗಿ ದುಂಡನೆಯ ಬಿಳಿ ಚುಕ್ಕೆಗಳು.

“ಕರಿ ತಗಡ. ಲಗೂನ ಒಣಗತಿದ್ವು,” ಎಂದಳು ಭಾಗವ್ವ.

ಮಲ್ಲು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಆಮೇಲೆ ತನ್ನ ಕುರ್ಚಿ ಬಿಟ್ಟೆದ್ದ.

“ಕುಂದ್ರಿ ಆಯಿ. ಉದ್ದಿನ ಹಪ್ಪಳೇನ್ರಿ, ಜ್ವಾಳದ್ವೇನ್ರಿ?”