ನ್ಯಾವಿಗೇಟರ್ ಸೀಟು

ಗೋಂದಿನ ಘಾಟು ಮೂಗಿಗೆ ಬಡಿದರೆ ಇಂದಿಗೂ ನನಗೆ ಮೊಳಕಾಲ್ಮೂರಿನ ದೊಡ್ಡಪ್ಪನ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ದೊಡ್ಡಪ್ಪ ವಾಯುಪಡೆಯಲ್ಲಿ ಬಾಂಬರ್ ವಿಮಾನದ ಪೈಲಟ್ ಆಗಿದ್ದವರು. ತಾವು ಓಡಿಸಿದ್ದಂಥದೇ ವಿಮಾನದ ಪ್ಲಾಸ್ಟಿಕ್ ಮಾದರಿಯನ್ನು ಅಂಚೆಯಲ್ಲಿ ತರಿಸಿ ಜೋಡಿಸುತ್ತಿದ್ದರು. ಅವರ ಕೈ ನಡುಗುತ್ತಿದ್ದುದರಿಂದ ಸಣ್ಣ ತುಂಡುಗಳನ್ನು ಅಂಟಿಸುವ ಕೆಲಸ ನನ್ನದು. ಪಕ್ಕದ ಮನೆಯ ಮಗ್ಗ ಒಂದೇ ಸಮನೆ ಸದ್ದು ಮಾಡುತ್ತಿತ್ತು. ನಾನು ಪೈಲಟ್ ಸೀಟನ್ನೂ ದಾರಿ ಹೇಳುವ ನ್ಯಾವಿಗೇಟರ್ ಸೀಟನ್ನೂ ಕಾಕ್‌ಪಿಟ್ಟಿನೊಳಗೆ ಕೂರಿಸಿದೆ.

ದೊಡ್ಡಪ್ಪ ಭೂತಗನ್ನಡಿ ಹಿಡಿದು ನೋಡಿದರು. "ಇದು ತಪ್ಪೈತೆ ಪುಟ್ಟಿ. ಎರಡು ಸೀಟಿಗೂ ಹಿಡಿ ಇಟ್ಟವ್ರೆ. ಬೆಂಕಿ ಬಿದ್ರೆ ಆ ಹಿಡಿ ಎಳೀಬೇಕು, ಸೀಟು ಸಮೇತ ಹೊರಗೆ ಹಾರ್ತೀವಿ. ಅದು ಪೈಲಟ್‌ಗೆ ಮಾತ್ರ ಇತ್ತು. ಇನ್ನೊಂದು ಸೀಟಿನ ಹಿಡಿ ಕಿತ್ತಾಕು."

"ಮತ್ತೆ ದಾರಿ ಹೇಳೋರು?"

"ಬಾಗ್ಲು ತೆಗ್ದು ಜಿಗೀಬೇಕು. ಟೈಮ್ ಇದ್ರೆ."

"ಟೈಮ್ ಇತ್ತಾ, ದೊಡ್ಡಪ್ಪ?"

ಅವರು ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟರು. ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದ ದೊಡ್ಡಮ್ಮ, "ಸುಮ್ನಿರೇ ಹುಡುಗಿ" ಎಂದು ಗದರಿದರು.

ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. "ಇದು ಆಟದ ವಿಮಾನ ಅಲ್ವಾ? ಇರ್ಲಿ ಬಿಡ್ರಿ. ಅವ್ರೂ ಹಾರ್ಲಿ" ಎಂದೆ.

ದೊಡ್ಡಪ್ಪ ತಾವೇ ಬ್ಲೇಡು ಎತ್ತಿಕೊಂಡರು. ಅದು ಬೆರಳುಗಳಲ್ಲಿ ನಿಲ್ಲದೆ ಮೇಜಿನ ಮೇಲೆ ಬಿತ್ತು. ಮತ್ತೆ ಎತ್ತಿಕೊಂಡರು, ಮತ್ತೆ ಬಿತ್ತು. ಕೊನೆಗೆ ಅದನ್ನು ನನ್ನ ಕೈಗೆ ಕೊಟ್ಟು, "ನೀನೇ ತೆಗಿ ತಾಯಿ. ನನ್ ಜೊತೆ ಇದ್ದೋನಿಗೆ ಇರ್ಲಿಲ್ಲ" ಎಂದರು.

ನಾನು ಆ ಹಿಡಿಯನ್ನು ಕೊಯ್ದು ಮುಗಿಸುವವರೆಗೂ ಅವರು ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದರು.