ಬೇಡ ಎಂದವಳ ಮತ

"ನೀನ್ಯಾಕೆ ಬಂದೆ ಇಲ್ಲಿಗೆ? ವಾರ್ಡಿಗೆ ಹೋಗು, ನಿಮ್ಮಕ್ಕ ಒಬ್ಬಳೇ ಇದ್ದಾಳೆ," ಎಂದು ಭಾವ ಕ್ಯಾಂಟೀನಿನ ಬಾಗಿಲಲ್ಲೇ ಅವಳನ್ನು ತಡೆದ.

ಸರ್ಕಾರಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟು ಮಡಿಸುತ್ತಿದ್ದವಳು ಕೆಲಸವನ್ನು ಅಲ್ಲಿಗೇ ಬಿಟ್ಟು ಓಡಿ ಬಂದಿದ್ದಳು. ಸೋಮವಾರದಿಂದ ಮುಷ್ಕರ ಬೇಕೋ ಬೇಡವೋ ಎಂದು ನೌಕರರು ಕ್ಯಾಂಟೀನಿನಲ್ಲಿ ಚೀಟಿ ಹಾಕಲು ಸಂಜೆ ಐದರ ತನಕ ಅವಕಾಶ. ಐದಾಗಲು ಇನ್ನು ಕೆಲವೇ ನಿಮಿಷ. ಭಾವ ನೌಕರರ ಸಂಘದ ಕಾರ್ಯದರ್ಶಿ. ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು 'ಮೈಕು' ಎಂದೇ ಕರೆಯುವುದು. ತಿಂಗಳುಗಟ್ಟಲೆ ಗೇಟಿನ ಮುಂದೆ ನಿಂತು "ಮುಷ್ಕರ, ಮುಷ್ಕರ" ಎಂದು ಕೂಗಿದ ಗಂಟಲು ಅದು. ಇವತ್ತು ಮಾತ್ರ ಅದರಿಂದ ಸ್ವರವೇ ಸರಿಯಾಗಿ ಹೊರಡುತ್ತಿರಲಿಲ್ಲ.

ಅಕ್ಕನ ಹೊಟ್ಟೆಯ ಗಡ್ಡೆ ತೆಗೆಯುವುದು ಮಂಗಳವಾರ. ಕಾದೂ ಕಾದೂ ಸಾಕಾಗಿ ಕೊನೆಗೂ ಸಿಕ್ಕಿದ ಸರದಿ. ಮುಷ್ಕರವಾದರೆ ಆಪರೇಷನ್ ಥಿಯೇಟರಿನ ಬಾಗಿಲು ತುರ್ತು ಕೇಸುಗಳಿಗೆ ಮಾತ್ರ ತೆರೆಯುತ್ತದೆ, ಅಕ್ಕನದು ತುರ್ತು ಕೇಸಲ್ಲ ಎಂದಿದ್ದರು ಡಾಕ್ಟರು. ಗಡ್ಡೆ ಬೆಳೀತಾ ಇದೆ, ತಡ ಮಾಡಬೇಡಿ ಎಂದು ಹೇಳಿದ್ದೂ ಅದೇ ಡಾಕ್ಟರು. ಮೂರು ಜನರ ಕೆಲಸವನ್ನು ಒಬ್ಬರ ತಲೆಗೆ ಕಟ್ಟುತ್ತಾರೆ ಎಂಬ ಭಾವನ ಸಿಟ್ಟು ಸುಳ್ಳೇನಲ್ಲ, ಅದು ಅವಳ ಸೊಂಟಕ್ಕೇ ಗೊತ್ತು. ಆದರೆ ಹೆಂಡತಿ ಒಳಗೆ ಮಂಚ ಹಿಡಿದು ಮಲಗಿರುವಾಗ ಹೊರಗೆ ನಿಂತು ಘೋಷಣೆ ಕೂಗುವುದೇ? ಅದನ್ನು ನೆನೆದರೆ ಅವಳ ಮೈಯೆಲ್ಲ ಉರಿಯುತ್ತಿತ್ತು.

"ವೋಟು ಹಾಕೋಕೆ ಬಂದೆ. ದಾರಿ ಬಿಡಿ ಭಾವ."

"ಅಕ್ಕನಿಗೆ ಮಾತ್ರೆ ಕೊಟ್ಟೆಯಾ?"

"ಅದಕ್ಕೆ ನರ್ಸ್ ಇದ್ದಾರೆ."

ಮತಪೆಟ್ಟಿಗೆಯ ಪಕ್ಕ ಕೂತಿದ್ದ ಕಾರ್ಮಿಕ ಇಲಾಖೆಯ ಅಧಿಕಾರಿ ಕನ್ನಡಕದ ಮೇಲಿಂದ ಇತ್ತ ನೋಡಿದ. "ಏನ್ರೀ ಸೆಕ್ರೆಟರಿ, ಬಾಗಿಲಲ್ಲಿ ನಿಂತು ಹಾಕಿ ಅಂತಲೂ ಹೇಳೋ ಹಾಗಿಲ್ಲ, ಹಾಕಬೇಡಿ ಅಂತಲೂ ಹೇಳೋ ಹಾಗಿಲ್ಲ. ಗೊತ್ತು ತಾನೆ?"

"ಗೊತ್ತು ಸಾರ್. ಇದು ಮನೆ ವಿಚಾರ," ಎಂದ ಭಾವ ಇವಳತ್ತ ಬಗ್ಗಿದ. "ನೋಡಮ್ಮ, ನನ್ನ ಮಾತು ಕೇಳು. ಈಗ ಹೋಗ್ಬಿಡು. ಐದು ಗಂಟೆ ಆಗ್ಲಿ, ಎಲ್ಲಾ ಹೇಳ್ತೀನಿ."

"ಐದಾದ್ಮೇಲೆ ಹೇಳೋಕೆ ಏನು ಉಳಿದಿರುತ್ತೆ? ನಾನು ಬೇಡ ಅಂತ ಹಾಕಿಬಿಡ್ತೀನಿ ಅಂತ ತಾನೆ ನಿಮ್ಮ ಹೆದರಿಕೆ? ಹೆಂಡತಿಗಿಂತ ನಿಮಗೆ ಬಾವುಟ ಹೆಚ್ಚಾಯ್ತು."

ಭಾವ ಅಧಿಕಾರಿಯನ್ನು ನೋಡಿದ, ಗೋಡೆ ಗಡಿಯಾರ ನೋಡಿದ, ಬಾಗಿಲಿಗೆ ಅಡ್ಡ ಹಿಡಿದಿದ್ದ ಕೈ ತೆಗೆದ. ಅವಳು ದಡದಡನೆ ಒಳಗೆ ಹೋಗಿ 'ಬೇಡ' ಎಂಬುದರ ಮುಂದೆ ಕಾಗದ ಹರಿಯುವಷ್ಟು ಒತ್ತಿ ಗುರುತು ಹಾಕಿ, ಚೀಟಿಯನ್ನು ಪೆಟ್ಟಿಗೆಗೆ ತುರುಕಿದಳು. ಅಬ್ಬಾ, ನನ್ನ ಕೈಲಾದದ್ದು ನಾನು ಮಾಡಿದೆ ಎಂದು ಮನಸ್ಸು ಹಗುರವಾಯಿತು.

ಐದು ಹೊಡೆಯುತ್ತಲೇ ಪೆಟ್ಟಿಗೆ ಒಡೆದು ಎಣಿಸಿದರು. 'ಬೇಕು' ರಾಶಿಯ ಮುಂದೆ 'ಬೇಡ' ಎಂಬುದು ಲೆಕ್ಕಕ್ಕೇ ಇರಲಿಲ್ಲ. ಜೈಕಾರಕ್ಕೆ ಬಾಯಿ ತೆರೆದವರನ್ನು ಅಧಿಕಾರಿ ಕೈಯೆತ್ತಿ ಸುಮ್ಮನಾಗಿಸಿದ.

"ತಾಳಿ. ಬರೀ ಬಹುಮತ ಸಾಲದು. ಈ ವರ್ಷದ ಹೊಸ ನಿಯಮ ಅಂದ್ರೆ, ಸದಸ್ಯರಲ್ಲಿ ಅರ್ಧ ಜನವಾದರೂ ಬಂದು ಮತ ಹಾಕಿರಬೇಕು. ಬೇಕು ಅಂತಾದ್ರೂ ಸರಿ, ಬೇಡ ಅಂತಾದ್ರೂ ಸರಿ, ಒಟ್ಟು ಬಂದಿರಬೇಕು. ಅರ್ಧಕ್ಕೆ ಒಂದು ಚೀಟಿ ಕಮ್ಮಿಯಾದ್ರೂ ಮತದಾನವೇ ರದ್ದು, ಮುಷ್ಕರ ಇಲ್ಲ." ಇನ್ನೊಮ್ಮೆ ಕೂಡಿಸಿ ನೋಡಿ ತಲೆ ಎತ್ತಿದ. "ಸರಿಯಾಗಿ ಅರ್ಧ. ಮುಷ್ಕರಕ್ಕೆ ಅಡ್ಡಿ ಇಲ್ಲ. ಕೊನೆಗೆ ಬಂದ್ರಲ್ಲ ಈ ಅಮ್ಮ, ಇವರು ಬರದೇ ಹೋಗಿದ್ರೆ ಎಲ್ಲಾ ಬಿದ್ದುಹೋಗ್ತಿತ್ತು."

ಕ್ಯಾಂಟೀನು ಹಾರಿಹೋಗುವ ಹಾಗೆ ಜೈಕಾರ ಎದ್ದಿತು. ಆಂಬುಲೆನ್ಸ್ ಡ್ರೈವರ್ ಬಂದು ಅವಳ ಕೈ ಕುಲುಕಿದ. ಅವಳು ಕೈ ಹಿಂದಕ್ಕೆಳೆದುಕೊಂಡಳು. ಸಂಬಳ ಕಟ್ಟಾದೀತೆಂದು ಹೆದರಿ ಬರದವರು, ಸೋಮಾರಿತನಕ್ಕೆ ಮನೆಯಲ್ಲಿ ಕಾಲು ಚಾಚಿ ಮಲಗಿದವರು, ಇವರೆಲ್ಲ ಅಕ್ಕನ ಪರ. ಎದ್ದುಬಿದ್ದು ಓಡಿ ಬಂದ ಅವಳೇ ಅಕ್ಕನಿಗೆ ಎದುರು. ಇದೆಂಥ ಲೆಕ್ಕ? ಯಾವ ಪುಣ್ಯಾತ್ಮ ಬರೆದ ನಿಯಮ ಇದು?

ಭಾವ ಮೂಲೆಯ ಬೆಂಚಿನಲ್ಲಿ ಕೂತಿದ್ದ. ಅವಳು ಹೇಗೋ ಅಲ್ಲಿಯವರೆಗೆ ನಡೆದಳು.

"ನಿಮಗೆ ಗೊತ್ತಿತ್ತಾ?"

"ಬೆಳಿಗ್ಗೆಯಿಂದ ಬಾಗಿಲಲ್ಲಿ ನಿಂತು ಎಣಿಸ್ತಾನೇ ಇದ್ದೆ. ಹೇಗೆ ಹೇಳ್ಲಿ, ಆ ಸಾರ್ ಎದುರಿಗೇ ಕೂತಿದ್ರು." ಭಾವ ಅವಳ ಮುಖ ನೋಡಲಿಲ್ಲ. "ನಾನೂ ವೋಟು ಹಾಕಿಲ್ಲ ಕಣಮ್ಮ."

ಊರಿಗೆಲ್ಲ ಹಾಕಿ ಎಂದವನು ತಾನು ಹಾಕದೆ ಕೂತಿದ್ದ. ಹೊರಗೆ ಜನ ಅವನ ಹೆಸರು ಹಿಡಿದು ಕೂಗುತ್ತಿದ್ದರು, ಹೆಗಲ ಮೇಲೆ ಹೊರಲು ಹುಡುಕುತ್ತಿದ್ದರು. ಅವನು ಎದ್ದು ಹಿಂಬಾಗಿಲಿನಿಂದ ಹೊರಟ, ಅವಳು ಹಿಂದೆ ನಡೆದಳು.

ಮುಷ್ಕರ ಗೆದ್ದ ಸುದ್ದಿ ವಾರ್ಡಿಗೆ ಇವರಿಗಿಂತ ಮೊದಲೇ ಮುಟ್ಟಿತ್ತು. ಭಾವ ಒಳಗೆ ಬರದೆ ಬಾಗಿಲಾಚೆಯೇ ನಿಂತ. ಫ್ಯಾನನ್ನೇ ನೋಡುತ್ತ ಮಲಗಿದ್ದ ಅಕ್ಕ ಮೆಲ್ಲಗೆ ತಂಗಿಯ ಕೈ ಹಿಡಿದುಕೊಂಡಳು.

"ಅಳಬೇಡ್ವೇ. ನಿಮ್ಮ ಭಾವ ಹೇಗಿದ್ರೂ ಅವರ ಕಡೆ, ಬಿಡು. ನೀನೊಬ್ಬಳಾದ್ರೂ ಓಡಿಹೋಗಿ ನನಗೋಸ್ಕರ ವೋಟು ಹಾಕಿದೆಯಲ್ಲ, ಅಷ್ಟು ಸಾಕು."