ನೀಲಕ್ಕನ ಬೆಳಕಿಂಡಿ

ನೀಲಕ್ಕ ಬಡಿಯುತ್ತಿದ್ದ ರೊಟ್ಟಿಯ ಮೇಲೆ ಇದ್ದಕ್ಕಿದ್ದಂತೆ ಕತ್ತಲು ಕವಿಯಿತು. ತಲೆಯೆತ್ತಿದರೆ ಮಾಳಿಗೆಯ ಬೆಳಕಿಂಡಿಯಲ್ಲಿ ಯಾರದೋ ಮುಖ ಇಣುಕುತ್ತಿತ್ತು.

“ಯಾವಾಂವಲೇ ಅಂವ, ಮಾಳಗಿ ಮ್ಯಾಲೆ?”

“ಪುರಸಭಾ ಇಂಜಿನಿಯರ್ ಸಾಹೇಬ್ರದಾರಕ್ಕಾ,” ಎಂದದ್ದು ಎದುರುಮನೆಯ ದಾವೂದಸಾಬ. “ರಸ್ತಾ ಅಳ್ಯಾಕತ್ತಾರ. ನಾ ಟೇಪ್ ಹಿಡ್ಕೊಂಡೀನಿ.”

ರಸ್ತೆ ಅಳೆಯುವವರಿಗೆ ಮಾಳಿಗೆಯ ಮೇಲೇನು ಕೆಲಸ ಎಂದು ಬೇರೆ ಊರಿನವರು ಕೇಳಿಯಾರು. ಈ ಓಣಿಗೆ ಪ್ರತಿವರ್ಷ ಮಾರ್ಚ್ ತಿಂಗಳಲ್ಲಿ ಅನುದಾನ ಬರುತ್ತದೆ. ಪ್ರತಿವರ್ಷ ಹಳೆಯ ಕಾಂಕ್ರೀಟಿನ ಮೇಲೆ ಹೊಸ ಕಾಂಕ್ರೀಟು ಬೀಳುತ್ತದೆ. ಹಾಕಲು ಹಣವುಂಟು, ಹಳೆಯದನ್ನು ಕೀಳಲು ಯಾವ ಯೋಜನೆಯಲ್ಲೂ ಇಲ್ಲ. ಹೀಗೆ ಏರುತ್ತ ಏರುತ್ತ ರಸ್ತೆ ನೀಲಕ್ಕನ ಕಟ್ಟೆಯನ್ನು ನುಂಗಿತು, ಕಿಟಕಿಗಳನ್ನು ನುಂಗಿತು, ಕಳೆದ ವರ್ಷ ಮನೆಯ ಚಾವಣಿಯಾದ ಮಾಳಿಗೆಯ ಸಮಕ್ಕೆ ಬಂದು ನಿಂತಿತು. ಅನುಕೂಲಸ್ಥರು ಮೇಲೊಂದು ಅಂತಸ್ತು ಕಟ್ಟಿಕೊಂಡರು. ನೀಲಕ್ಕ ಬಾವಿಗೆ ಇಳಿದಂತೆ ಮೆಟ್ಟಿಲಿಳಿದು ಮನೆ ಸೇರುತ್ತಾಳೆ. ಆ ಮಣ್ಣಿನ ಮನೆಗೆ ಈಗ ಉಳಿದಿರುವ ಬೆಳಕೆಂದರೆ ಬೆಳಕಿಂಡಿಯದೊಂದೇ.

ಹಿಟ್ಟಿನ ಕೈಯಲ್ಲೇ ಅವಳು ಮೇಲೆ ಬಂದಳು. ಇಂಜಿನಿಯರ್ ಗೌರೀಶ ಗಂಡು ಹುಟ್ಟಿದ ಮನೆಯವನ ಹಾಗೆ ನಗುತ್ತಿದ್ದ.

“ಅಕ್ಕಾರ, ನಿಮ್ಮ ಓಣಿ ನಸೀಬ ತೆರೀತ್ರಿ. ಹೊಸಾ ಯೋಜನಾಕ್ಕ ರಸ್ತಾ ಇಪ್ಪತ್ತಡಿ ಅಗಲ ಇರಬೇಕು. ಓಣಿ ಹತ್ತಡಿ ಐತಿ, ನಿಮ್ಮ ಮಾಳಗಿ ಹತ್ತಡಿ. ಎರಡೂ ಸಮಾ ಅದಾವಲ್ರಿ, ಕೂಡಿಸಿದ್ರ ಬರೊಬ್ಬರಿ.”

“ಹಂಗಾರ ನಾ ರಸ್ತಾದ ಬುಡಕ ಇರಾಕ್ಯೇನ್ರಿ?”

“ಇರ್ರಿ, ಯಾರ್ ಬ್ಯಾಡಂತಾರ? ಈ ಬೆಳಕಿಂಡಿ ಅಷ್ಟ ಮುಚ್ಚಬೇಕಾಗ್ತದ. ರಸ್ತಾದಾಗ ಬೆಳಕಿಂಡಿ ಇರಾಕ ನಿಯಮ ಇಲ್ಲ. ನಾಳೆ ಕಾಂಕ್ರೀಟ್ ಬರ್ತದ.”

ಕಟ್ಟೆ ಹೋದಾಗ ನೀಲಕ್ಕ ಸುಮ್ಮನಿದ್ದಳು, ಕಿಟಕಿ ಹೋದಾಗಲೂ ಓಣಿಗೆ ಒಳ್ಳೆಯದಾಗಲಿ ಅಂದಿದ್ದಳು. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ. ಈಗ ಮನೆಯೊಳಗಿನ ಹಗಲೇ ಹೋಗುವುದರಲ್ಲಿತ್ತು, ಅವಳಿಗೆ ಅಳುವೇ ಬಂತು.

“ಒಳಗ ಅಗದಿ ಕತ್ತಲಿ ಆಗ್ತದ್ರಿ ಸಾಹೇಬ್ರ,” ದಾವೂದಸಾಬ ಗೋಗರೆದ.

“ಒಳಗಿಂದು ನಮ್ಮ ಇಲಾಖೆಗೆ ಬರೂದಿಲ್ಲ ಕಾಕಾ.”

ನೀಲಕ್ಕ ಸೆರಗಿಗೆ ಕೈ ಒರೆಸಿಕೊಂಡಳು. ಕಣ್ಣನ್ನೂ ಒರೆಸಿಕೊಂಡಳು.

“ಸಾಹೇಬ್ರ, ಇದನ್ನ ಬೆಳಕಿಂಡಿ ಅಂತ ಯಾಕ ಬರೀತೀರಿ? ಗುಂಡಿ ಅಂತ ಬರ್ಕೋರಿ.”

“ಗುಂಡೀನ?”

“ರಸ್ತಾದಾಗಿನ ತೂತಿಗೆ ಮತ್ತೇನಂತಾರ್ರಿ? ನಾ ಕುಬಿಹಾಳದಿಂದ ಸೊಸಿಯಾಗಿ ಬಂದಾಗ ಬಸ್‌ಸ್ಟ್ಯಾಂಡ್ ಮುಂದ ಗುಂಡ್ಯಾಗ ನಮ್ಮ ಚಕ್ಕಡಿ ಸಿಕ್ಕೊಂಡಿತ್ತು. ಆ ಗುಂಡಿ ಇನ್ನೂ ಹಂಗ ಐತಿ. ನನ್ನ ಗುಂಡೀನೂ ಹಂಗ ಇರ್ಲಿ.”

ಗೌರೀಶ ಪೆನ್ನು ಕಚ್ಚಿ ಯೋಚಿಸಿದ. ಸ್ವಲ್ಪ ಹೊತ್ತಿನಲ್ಲಿ ಅವನ ಮುಖ ತಿಳಿಯಾಯಿತು.

“ಖರೆ ಐತ್ರಿ. ಗುಂಡಿ ಮುಚ್ಚೂದು ಬ್ಯಾರೆ ಅನುದಾನ, ಅದಕ್ಕ ನಾವು ಕೈ ಹಚ್ಚಂಗಿಲ್ಲ. ಅದರ ರೊಕ್ಕ ವರ್ಷಾ ಬರ್ತದ, ವರ್ಷಾ ಖರ್ಚಾಗ್ತದ. ಗುಂಡಿಗಂತೂ ಏನೂ ಆಗೂದಿಲ್ಲ.”

ಮರುದಿನ ಕಾಂಕ್ರೀಟು ಬಂತು. ಕೂಲಿಯವರು ಬೆಳಕಿಂಡಿಯ ಸುತ್ತ ಬಹಳ ಜೋಪಾನವಾಗಿ ಸುರಿದು, ಸಮ ಮಾಡಿ ಹೋದರು. ಸಂಜೆ ಪುರಸಭೆಯವನೊಬ್ಬ ಬಂದು, ಯಾರೂ ಬೀಳದಿರಲೆಂದು, ದಪ್ಪನೆಯ ಬೇವಿನ ಕೊಂಬೆಯೊಂದಕ್ಕೆ ಕೆಂಪು ಬಟ್ಟೆ ಕಟ್ಟಿ ಗುಂಡಿಯೊಳಗೆ ಬಿಗಿಯಾಗಿ ಸಿಕ್ಕಿಸಿದ. ಅಡುಗೆಮನೆಯೊಳಗೆ ಇಳಿಬಿದ್ದ ಅದರ ಬುಡಕ್ಕೆ ನೀಲಕ್ಕ ಮೊಸರಿನ ನೆಲುವು ಕಟ್ಟಿದಳು.